ಜಕಾರ್ತ ಮುಳುಗ್ತಿರೋದು ಬರೀ ಸಮುದ್ರದಿಂದ ಅಲ್ಲ ಕಣ್ರೀ

ಎರಡು ದಿನದಿಂದ ವಾಟ್ಸಾಪ್‌ನಲ್ಲಿ ಇಂಡೋನೇಷ್ಯಾದ ಜಕಾರ್ತ ನಗರದ ಬಗ್ಗೆ ಒಂದು ಫಾರ್ವರ್ಡ್ ಓಡಾಡ್ತಿದೆ, "ಸಮುದ್ರ ಏರಿ ಜಕಾರ್ತ ಮುಳುಗ್ತಿದೆ, ಅದಕ್ಕೇ ಊರನ್ನೇ ಖಾಲಿ ಮಾಡಿಸ್ತಿದ್ದಾರೆ" ಅಂತ. ಅರ್ಧ ನಿಜ, ಅರ್ಧ ಬುರುಡೆ.

ಸಮುದ್ರ ಏರ್ತಿರೋದು ನಿಜ, ಆದ್ರೆ ಅದು ವರ್ಷಕ್ಕೆ ಮಿಲಿಮೀಟರ್ ಲೆಕ್ಕ. ಉತ್ತರ ಜಕಾರ್ತದ ಕೆಲವು ಕಡೆ ನೆಲ ಕುಸಿದಿರೋದು ಸೆಂಟಿಮೀಟರ್ ಲೆಕ್ಕದಲ್ಲಿ, ಹತ್ತು ವರ್ಷದಲ್ಲಿ ಸುಮಾರು 2.5 ಮೀಟರ್ ಇಳಿದ ಜಾಗಾನೂ ಇದೆ. ಯಾಕಂದ್ರೆ ಎಲ್ರಿಗೂ ನಲ್ಲಿ ನೀರಿಲ್ಲ, ಮನೆ, ಹೋಟೆಲ್, ಫ್ಯಾಕ್ಟರಿ ಎಲ್ಲಾ ಬೋರ್ ಹಾಕಿ ಎಳೀತಾರೆ, ಕೆಳಗಿರೋದು ನದಿ ತಂದು ಹಾಕಿದ ಮೆತ್ತನೆ ಮಣ್ಣು, ನೀರು ಹೋದ್ಮೇಲೆ ಹಿಂಡಿದ ಸ್ಪಂಜ್ ಥರ ಅಮರ್ಕೊಳ್ಳತ್ತೆ, ಮೇಲಿಂದ ಬಿಲ್ಡಿಂಗ್ ಭಾರ ಬೇರೆ. ಉತ್ತರ ಜಕಾರ್ತದ ಮುವಾರಾ ಬಾರು ಅನ್ನೋ ಏರಿಯಾದಲ್ಲಿ ತಡೆಗೋಡೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಅದಕ್ಕಿಂತ ಕೆಳಗೆ ಬೀದಿ! ಗೋಡೆಯಾಚೆ ಒಂದು ಹಳೇ ಮಸೀದಿ ನೀರಲ್ಲೇ ನಿಂತಿದೆ.

ಊರು ಖಾಲಿ ಅನ್ನೋದಂತೂ ಸುಳ್ಳು. 2019ರಲ್ಲಿ ಘೋಷಿಸಿದ್ದು ದೇಶದ ರಾಜಧಾನಿಯನ್ನ ಜಕಾರ್ತದಿಂದ ಬೋರ್ನಿಯೋ ದ್ವೀಪದ ಹೊಸ ಊರಿಗೆ (ಆಮೇಲೆ ನುಸಂತಾರಾ ಅಂತ ಹೆಸರಿಟ್ರು) ಸಾಗಿಸೋದು, ಅಂದ್ರೆ ಸರ್ಕಾರಿ ಕಚೇರಿಗಳು. ಕೋಟಿಗೂ ಮೀರಿದ ಜನ ಎಲ್ಲಿಗ್ರೀ ಹೋಗ್ತಾರೆ?

"ಇನ್ನೇನೂ ಮಾಡಕ್ಕಾಗಲ್ಲ" ಅಂತಾನೂ ಬರೆದಿದ್ದಾರೆ, ಅದೂ ತಪ್ಪು. ಟೋಕಿಯೋದ ಪೂರ್ವ ಭಾಗ ಹೀಗೇ 4 ಮೀಟರ್‌ಗಿಂತ ಜಾಸ್ತಿ ಕುಸಿದಿತ್ತು, 1960-70ರ ದಶಕದಲ್ಲಿ ಅಂತರ್ಜಲ ಎತ್ತೋದಕ್ಕೆ ಬಿಗಿ ಕಾನೂನು ತಂದ್ಮೇಲೆ ಕುಸಿತ ಹೆಚ್ಚುಕಮ್ಮಿ ನಿಂತೋಯ್ತು. ಇಳಿದ ನೆಲ ಮಾತ್ರ ವಾಪಸ್ ಮೇಲೆ ಬರ್ಲಿಲ್ಲ, ಅಲ್ಲಿ ಇವತ್ತಿಗೂ ತಡೆಗೋಡೆ, ಪಂಪು ಎರಡೂ ಬೇಕು.