‘ಅವಕಾಶ’ ಎಂಬ ಒಂದೇ ಪದ, ಹತ್ತು ಭಾಷೆ

ಭಾರತೀಯ ಭಾಷೆಗಳ ನಡುವೆ ಅನುವಾದ ಮಾಡಲು ಹೊರಟವರಿಗೆ ಸಿಗುವ ಮೊದಲ ಬುದ್ಧಿಮಾತು ಇದು: ‘ಸಂಸ್ಕೃತ ಪದ ಬಂದರೆ ತಲೆ ಕೆಡಿಸಿಕೊಳ್ಳಬೇಡಿ, ಹಾಗೇ ಇಟ್ಟುಬಿಡಿ, ಎಲ್ಲರಿಗೂ ಅರ್ಥವಾಗುತ್ತೆ.’ ಈ ಮಾತನ್ನು ನಾನು ಒಪ್ಪುವುದಿಲ್ಲ. ಗೊತ್ತಿಲ್ಲದ ಪದ ಎದುರಾದರೆ ನಿಘಂಟು ತೆಗೆಯುತ್ತೇವೆ, ಬಲ್ಲವರನ್ನು ಕೇಳುತ್ತೇವೆ. ಗೊತ್ತಿರುವ ಹಾಗೆ ಕಾಣುವ ಪದ ಬಂದಾಗ ಇವೆರಡನ್ನೂ ಮಾಡುವುದಿಲ್ಲ. ತಪ್ಪು ನುಸುಳುವುದು ಅಲ್ಲಿಯೇ. ಇಂಥ ಪದಗಳು ನೂರಾರಿವೆ. ಇಲ್ಲಿ ಒಂದನ್ನೇ ಹಿಡಿದು ಕೊನೆತನಕ ಹೋಗುತ್ತೇನೆ: ಅವಕಾಶ.

ಅವಕಾಶ ಎಂದ ಕೂಡಲೇ ಕನ್ನಡಿಗರಿಗೆ ಹೊಳೆಯುವುದು ಚಾನ್ಸು. ‘ಅವನಿಗೂ ಒಂದು ಅವಕಾಶ ಕೊಡಿ’, ‘ಒಳ್ಳೇ ಅವಕಾಶ ಕೈತಪ್ಪಿತು’. ಆದರೆ ನಮ್ಮ ಭಾಷೆಯಲ್ಲೇ ಅದಕ್ಕೆ ಬೇರೆ ಮುಖಗಳಿವೆ. ಸ್ಥಳಾವಕಾಶ ಎಂದರೆ ಜಾಗ. ಕಾಲಾವಕಾಶ ಎಂದರೆ ಸಮಯ. ‘ಹೊರಗಿನವರಿಗೆ ಪ್ರವೇಶಾವಕಾಶವಿಲ್ಲ’ ಎಂಬ ಬೋರ್ಡಿನಲ್ಲಿ ಅದು ಅನುಮತಿ. ಸಂಸ್ಕೃತದಲ್ಲಿ ಈ ಪದಕ್ಕೆ ಮೊದಲ ಅರ್ಥವೇ ಎಡೆ, ತೆರೆದ ಜಾಗ. ಹೊಳೆ, ಕಾಣಿಸು ಎಂಬ ಅರ್ಥದ ‘ಕಾಶ್’ ಧಾತುವಿಗೆ ‘ಆ’ ಸೇರಿ ಆಕಾಶ, ‘ಪ್ರ’ ಸೇರಿ ಪ್ರಕಾಶ, ‘ಅವ’ ಸೇರಿ ಅವಕಾಶ. ಜಾಗದಿಂದ ನಡುವಿನ ಹೊತ್ತು, ಹೊತ್ತಿನಿಂದ ಬಿಡುವು, ಬಿಡುವಿನಿಂದ ಸಂದರ್ಭ, ಹೀಗೆ ಅರ್ಥ ಹರಡಿಕೊಂಡದ್ದು ಸಂಸ್ಕೃತದಲ್ಲೇ. ಇದು ಸಂಸ್ಕೃತಕ್ಕಷ್ಟೇ ಸೇರಿದ ಗುಣವೂ ಅಲ್ಲ. ನಮ್ಮ ಅಚ್ಚಗನ್ನಡದ ‘ತೆರಪು’ ನೋಡಿ: ಖಾಲಿ ಜಾಗವೂ ತೆರಪು, ಬಿಡುವೂ ತೆರಪು. ಮುಂದೆ ಒಂದೊಂದು ಭಾಷೆ ಈ ದಾರಿಯ ಒಂದೊಂದು ನಿಲ್ದಾಣದಲ್ಲಿ ಇಳಿದುಕೊಂಡಿತು. ಯಾರೂ ತಪ್ಪು ಊರಿನಲ್ಲಿ ಇಳಿಯಲಿಲ್ಲ. ಹಾಗಾಗಿ ‘ಹಿಂದಿಯವರು ಪದವನ್ನು ಕೆಡಿಸಿದರು’, ‘ಮಲಯಾಳಿಗಳದು ತಪ್ಪು ಬಳಕೆ’ ಎಂಬ ವಾದಗಳಿಗೆ ಆಧಾರವಿಲ್ಲ.

ಹಿಂದಿಯಿಂದ ಶುರು ಮಾಡೋಣ, ಏಕೆಂದರೆ ಬ್ಯಾಂಕು, ರೈಲ್ವೆ, ಅಂಚೆ ಕಚೇರಿಗಳಲ್ಲಿ ಕನ್ನಡಿಗರ ಕೈಗೆ ಹೆಚ್ಚಾಗಿ ಸಿಗುವುದು ಹಿಂದಿ ನಮೂನೆ. ಅಲ್ಲಿ ‘ಅವಕಾಶ್’ ಎಂದರೆ ರಜೆ. ರಜೆ ಅರ್ಜಿಯ ‘ಅವಕಾಶ್ ಕಾ ಪ್ರಕಾರ್’ ಎಂಬ ಕಲಂನಲ್ಲಿ ತುಂಬಬೇಕಾದದ್ದು ಯಾವ ಬಗೆಯ ರಜೆ ಎಂಬುದನ್ನು. ‘ಆಕಸ್ಮಿಕ್ ಅವಕಾಶ್’ ನಮ್ಮ ಸಾಂದರ್ಭಿಕ ರಜೆ, ‘ಅರ್ಜಿತ್ ಅವಕಾಶ್’ ಗಳಿಕೆ ರಜೆ, ‘ಮಾತೃತ್ವ ಅವಕಾಶ್’ ಹೆರಿಗೆ ರಜೆ. ಇವುಗಳಲ್ಲಿ ತೀರ ಮೋಸ ಮಾಡುವುದು ‘ಅಸಾಧಾರಣ್ ಅವಕಾಶ್’. ಕನ್ನಡದ ಕಣ್ಣಿಗೆ ಅದು ಅಪರೂಪಕ್ಕೆ ಒದಗಿದ ಭಾಗ್ಯ. ಕೇಂದ್ರ ಸರ್ಕಾರದ 1972ರ ರಜೆ ನಿಯಮಗಳ ಪ್ರಕಾರ ಅದು ಬೇರೆ ರಜೆ ಬಾಕಿ ಇಲ್ಲದಾಗ ಅಥವಾ ನೌಕರರೇ ಬರೆದು ಕೇಳಿದಾಗ ಕೊಡುವ, ಸಂಬಳವಿಲ್ಲದ ರಜೆ. ಇನ್ನು ‘ಅವಕಾಶ್ ಪ್ರಾಪ್ತ್ ನ್ಯಾಯಾಧೀಶ್’ ಎಂದರೆ ನಿವೃತ್ತ ನ್ಯಾಯಾಧೀಶರು. ಲಿಪಿ ಮಾತ್ರ ಬದಲಿಸಿ ‘ಅವಕಾಶ ಪ್ರಾಪ್ತ ನ್ಯಾಯಾಧೀಶ’ ಎಂದು ಬರೆದರೆ, ಹುದ್ದೆ ಬಿಟ್ಟವರು ಕನ್ನಡದಲ್ಲಿ ಹುದ್ದೆಗೆ ಬಂದವರಾಗುತ್ತಾರೆ. ಅಂದಹಾಗೆ ನಮ್ಮ ‘ರಜೆ’ಯೂ ಹೊರಗಿನಿಂದ ಬಂದದ್ದೇ. ಅರಬ್ಬಿ, ಪಾರ್ಸಿಯಲ್ಲಿ ಅದಕ್ಕೆ ಒಪ್ಪಿಗೆ, ಸಮ್ಮತಿ ಎಂಬ ಅರ್ಥ.

ಬಂಗಾಳಿಯಲ್ಲಿ ಇದು ಬಿಡುವು, ವಿರಾಮ. ಜೊತೆಗೆ ‘ಸಂದೇಹಕ್ಕೆ ಎಡೆಯಿಲ್ಲ’ ಎನ್ನುವಾಗಿನ ಎಡೆಯೂ ಹೌದು. ತಮಿಳಿನ ‘ಅವಗಾಸಂ’ ಎಂದರೆ ಸಮಯ, ವಾಯಿದೆ. ತಮಿಳು ಪತ್ರಿಕೆಯಲ್ಲಿ ನ್ಯಾಯಾಲಯ ‘ಇರಂಡು ವಾರಂ ಅವಗಾಸಂ’ ಕೊಟ್ಟಿದೆ ಎಂದಿದ್ದರೆ ಎರಡು ವಾರ ಕಾಲಾವಕಾಶ ಕೊಟ್ಟಿದೆ ಎಂದರ್ಥ. ಇಲ್ಲಿ ಬರೀ ‘ಅವಕಾಶ’ ಎಂದು ಬರೆದರೆ, ವಾದ ಮಂಡಿಸಲು ಇನ್ನೊಂದು ಅವಕಾಶ ಸಿಕ್ಕಿತು ಎಂದು ಓದುಗರು ತಿಳಿಯುತ್ತಾರೆ. ಕೇಸಿನ ಸುದ್ದಿಯಲ್ಲಿ ಈ ವ್ಯತ್ಯಾಸ ಸಣ್ಣದಲ್ಲ.

ತೆಲುಗು ನಮಗೆ ತೀರ ಹತ್ತಿರ, ಆದ್ದರಿಂದ ಎಡವುವುದೂ ನುಣ್ಣಗೆ. ಅಲ್ಲಿಯೂ ಅವಕಾಶಂ ಎಂದರೆ ಅವಕಾಶವೇ. ಆದರೆ ಅವರು ‘ವರ್ಷಂ ಪಡೇ ಅವಕಾಶಂ ಉಂದಿ’ ಎನ್ನುತ್ತಾರೆ. ನಾವು ‘ಮಳೆ ಬೀಳುವ ಅವಕಾಶ ಇದೆ’ ಎನ್ನುವುದಿಲ್ಲ, ಸಾಧ್ಯತೆ ಎನ್ನುತ್ತೇವೆ. ಕನ್ನಡದ ಅವಕಾಶದಲ್ಲಿ ಒಳಿತಿನ ಛಾಯೆ ಇದೆ, ಹೆಚ್ಚಾಗಿ ಯಾರಾದರೂ ಬಯಸುವಂಥದ್ದಕ್ಕೆ ಅದು ಒಗ್ಗುವುದು. ‘ಅಪಘಾತವಾಗುವ ಅವಕಾಶಗಳಿವೆ’ ಎಂಬ ವಾಕ್ಯ ಕಂಡರೆ ಅದರ ಹಿಂದೆ ತೆಲುಗು ಇದೆಯೇ ಎಂದು ನೋಡಬೇಕು.

ಮರಾಠಿ ಮತ್ತು ಗುಜರಾತಿ ಹಳೆಯ ಅರ್ಥವನ್ನೇ ಹಿಡಿದು ಅದನ್ನು ದೊಡ್ಡದು ಮಾಡಿಕೊಂಡವು. ಎರಡರಲ್ಲೂ ಅವಕಾಶ ಎಂದರೆ ಬಾಹ್ಯಾಕಾಶ. ಗುಜರಾತಿಯ ‘ಅವಕಾಶಯಾತ್ರಿ’ ಗಗನಯಾತ್ರಿ, ಮರಾಠಿಯ ‘ಅವಕಾಶಯಾನ’ ಬಾಹ್ಯಾಕಾಶ ನೌಕೆ. 2023ರ ಆಗಸ್ಟ್ 23ರಂದು ಚಂದ್ರಯಾನ-3 ಚಂದ್ರನ ಮೇಲೆ ಇಳಿದಂಥ ಸುದ್ದಿಯನ್ನು ಮರಾಠಿಯಲ್ಲಿ ಓದುವಾಗ ‘ಅವಕಾಶ ಸಂಶೋಧನ’ ಎಂದು ಕಂಡರೆ ಅದು ಬಾಹ್ಯಾಕಾಶ ಸಂಶೋಧನೆ. ಇಲ್ಲಿ ಎರಡನೆಯ ಪದವನ್ನೂ ಗಮನಿಸಿ. ಕನ್ನಡ, ಮರಾಠಿ ಎರಡರಲ್ಲೂ ಸಂಶೋಧನೆ ಎಂದರೆ ಹೊಸದನ್ನು ಹುಡುಕುವ ಕೆಲಸ. ಹಿಂದಿಯ ‘ಸಂವಿಧಾನ್ ಸಂಶೋಧನ್’ ಎಂದರೆ ಸಂವಿಧಾನ ತಿದ್ದುಪಡಿ. ಮರಾಠಿಯಲ್ಲಿ ಅವಕಾಶಕ್ಕೆ ಸಮಯ ಎಂಬ ಬಳಕೆಯೂ ಉಳಿದಿದೆ: ‘ಅಜೂನ್ ಅವಕಾಶ ಆಹೇ’ ಎಂದರೆ ಇನ್ನೂ ಹೊತ್ತಿದೆ.

ದೇಶದ ಗಡಿ ದಾಟಿದರೆ ಈ ಪದ ಇನ್ನೂ ಚೆಂದವಾಗುತ್ತದೆ. ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯಲ್ಲಿ ‘ಅವ’ ಎಂಬುದು ‘ಓ’ ಆಗುತ್ತದೆ, ‘ಶ’ ಇಲ್ಲದ ಕಾರಣ ‘ಸ’ ಬರುತ್ತದೆ. ಹಾಗಾಗಿ ಅವಕಾಶ ಅಲ್ಲಿ ‘ಓಕಾಸ’. ಶ್ರೀಲಂಕಾ, ಮ್ಯಾನ್ಮಾರ್‌ಗಳ ಬೌದ್ಧರ ಪ್ರಾರ್ಥನೆ ಈ ‘ಓಕಾಸ’ದಿಂದ ಶುರುವಾಗುತ್ತದೆ, ಅಪ್ಪಣೆ ಬೇಡುವ ಮಾತಾಗಿ. ಥಾಯ್ ಭಾಷೆ ಎರಡು ಬಾಗಿಲಿನಿಂದಲೂ ಈ ಪದವನ್ನು ಒಳಗೆ ಕರೆದುಕೊಂಡಿದೆ. ಪಾಲಿಯಿಂದ ಬಂದದ್ದು ‘ಓಕಾತ್’ ಎಂಬ ಉಚ್ಚಾರಣೆ ಪಡೆದು, ನಮ್ಮ ಹಾಗೆಯೇ, ಸಿಕ್ಕ ಸಂದರ್ಭ ಎಂಬ ಅರ್ಥದಲ್ಲಿ ನಿಂತಿದೆ. ಸಂಸ್ಕೃತದಿಂದ ಬಂದದ್ದು ‘ಅವಕಾತ್’ ಆಗಿ ಬಾಹ್ಯಾಕಾಶ ಎಂಬ ಅರ್ಥ ಪಡೆದಿದೆ, ಗುಜರಾತಿಯ ಹಾಗೆ. ಪದದ ಕೊನೆಯ ಶಕಾರ ಸಕಾರ ಎರಡೂ ಥಾಯ್ ಬಾಯಲ್ಲಿ ‘ತ್’ ಆಗುವುದರಿಂದ ಕಿವಿಗೆ ಎರಡರ ಕೊನೆಯೂ ಒಂದೇ. ಆದರೆ ಬರವಣಿಗೆಯಲ್ಲಿ ಮೊದಲನೆಯದಕ್ಕೆ ‘ಸ’ದ ಅಕ್ಷರ, ಎರಡನೆಯದಕ್ಕೆ ‘ಶ’ದ ಅಕ್ಷರ ಇಂದಿಗೂ ಉಳಿದಿದೆ. ಯಾವುದು ಯಾವ ದಾರಿಯಲ್ಲಿ ಬಂತು ಎಂಬುದನ್ನು ಕಾಗುಣಿತವೇ ಹೇಳುತ್ತದೆ.

ಎಲ್ಲಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ಮಲಯಾಳಂ ಜೊತೆ. ಅಲ್ಲಿ ಅವಕಾಶಂ ಎಂದರೆ ಹಕ್ಕು. ಮನುಷ್ಯಾವಕಾಶ ಕಮ್ಮೀಷನ್ ನಮ್ಮ ಮಾನವ ಹಕ್ಕುಗಳ ಆಯೋಗ, ವೋಟವಕಾಶಂ ಮತದಾನದ ಹಕ್ಕು, ಅವಕಾಶಿ ಎಂದರೆ ವಾರಸುದಾರ. ಮಾಹಿತಿ ಹಕ್ಕು ಕಾಯ್ದೆ ಅಲ್ಲಿ ‘ವಿವರಾವಕಾಶ ನಿಯಮಂ’. ಇದರಲ್ಲಿ ಇನ್ನೊಂದು ಗುಂಡಿಯಿದೆ: ಮಲಯಾಳಂನ ನಿಯಮಂ ಕಾಯ್ದೆ, ನಮ್ಮ ನಿಯಮ ಕಾಯ್ದೆಯ ಕೆಳಗೆ ಬರುವಂಥದ್ದು. ನಮ್ಮ ನಿಯಮಕ್ಕೆ ಅವರ ಪದ ‘ಚಟ್ಟಂ’. ಆ ಚಟ್ಟಂ ತಮಿಳು ತೆಲುಗಿನಲ್ಲಿ ಮತ್ತೆ ಕಾಯ್ದೆ! ಕಾಸರಗೋಡು, ಮಂಜೇಶ್ವರದ ಕನ್ನಡಿಗರು ಇದನ್ನೆಲ್ಲ ಬಲ್ಲರು, ವಿಲೇಜ್ ಆಫೀಸಿನ ಕಾಗದದಲ್ಲಿ ಇವು ಬರುತ್ತಲೇ ಇರುತ್ತವೆ. ತೊಂದರೆಯಾಗುವುದು ಗಡಿಯ ಈಚೆ ಇದ್ದು ಆಚೆಯ ಜಮೀನಿನ ಕಾಗದ ಓದುವವರಿಗೆ. ‘ಕೈವಶಾವಕಾಶ ಸರ್ಟಿಫಿಕೆಟ್’ ಎಂದರೆ ಜಮೀನು ನಿಮ್ಮ ಸ್ವಾಧೀನದಲ್ಲಿದೆ ಎಂಬ ಪತ್ರ. ‘ಅನಂತರಾವಕಾಶ ಸರ್ಟಿಫಿಕೆಟ್’ ಎಂದರೆ ವಾರಸುದಾರರು ಯಾರು ಎಂಬ ಪತ್ರ, ‘ಆಮೇಲಿನ ಅವಕಾಶ’ ಅಲ್ಲ. ರಾಜಕೀಯ ಸುದ್ದಿಯಲ್ಲಿ ‘ಅವಕಾಶವಾದಂ’ ಎಂದು ಕಂಡರೆ ದುಡುಕಬೇಡಿ. ಕನ್ನಡದಲ್ಲಿ ಅವಕಾಶವಾದ ಒಂದು ಬೈಗುಳ. ಮಲಯಾಳಂನಲ್ಲಿ ಅದಕ್ಕೆ ‘ಹೀಗೆಂದು ಪ್ರತಿಪಾದಿಸಿದರು’ ಎಂಬಷ್ಟೇ ಅರ್ಥ. ಸಚಿವರೊಬ್ಬರ ಹೇಳಿಕೆಯನ್ನು ಅವರ ಗುಣದ ಮೇಲಿನ ಆರೋಪವಾಗಿ ಅಚ್ಚು ಹಾಕಿದರೆ ಮಾನನಷ್ಟದ ನೋಟಿಸು ಬಂದೀತು.

ಈ ಪದಕ್ಕೆ ಒಬ್ಬ ಜೊತೆಗಾರನಿದ್ದಾನೆ: ಅವಸರ. ಒಂದನ್ನು ತಿದ್ದಲು ಹೋದವರು ಇನ್ನೊಂದಕ್ಕೆ ಸಿಕ್ಕಿಬೀಳುತ್ತಾರೆ. ನಮಗೆ ಅವಸರ ಎಂದರೆ ಗಡಿಬಿಡಿ. ತಮಿಳಿನಲ್ಲೂ ಹಾಗೆಯೇ, ಜೊತೆಗೆ ತುರ್ತು. ತೆಲುಗಿನಲ್ಲಿ ಅಗತ್ಯ. ಹಿಂದಿ, ಮಲಯಾಳಂಗಳಲ್ಲಿ ಅದೇ ನಮ್ಮ ಅವಕಾಶ. ಬಂಗಾಳಿಯಲ್ಲಿ ‘ಅವಸರಪ್ರಾಪ್ತ’ ಎಂದರೆ ನಿವೃತ್ತ. ಸಿಂಹಳದಲ್ಲಿ ‘ಅವಸರಯ’ ಎಂದರೆ ಅನುಮತಿ, ಅನುಮತಿ ಪತ್ರಕ್ಕೆ ‘ಅವಸರ ಪತ್ರಯ’ ಎನ್ನುತ್ತಾರೆ.

ಗೊಂದಲವಾದಾಗ ಒರೆಗೆ ಹಚ್ಚಿ ನೋಡಲು ನಂಬಿಕೆಯ ಕಲ್ಲೊಂದು ನಮ್ಮೆಲ್ಲರ ಬಳಿ ಇದೆ: ಸಂವಿಧಾನದ ಪ್ರಸ್ತಾವನೆ. 1949ರ ನವೆಂಬರ್ 26ರಂದು ಅಂಗೀಕಾರವಾದ ಆ ಒಂದೇ ವಾಕ್ಯ ಎಲ್ಲ ಭಾಷೆಗಳಲ್ಲೂ ಸಿಗುತ್ತದೆ, ಅರ್ಥ ಎಲ್ಲೂ ಕದಲುವಂತಿಲ್ಲ. ಕನ್ನಡದಲ್ಲಿ ‘ಸ್ಥಾನಮಾನ ಹಾಗೂ ಅವಕಾಶ ಸಮಾನತೆ’ ಎಂದಿರುವ ಕಡೆ ತೆಲುಗಿನಲ್ಲೂ ಅವಕಾಶವೇ ಇದೆ. ಹಿಂದಿ ಮತ್ತು ಮಲಯಾಳಂಗಳಲ್ಲಿ ಅವಸರ, ಮರಾಠಿಯಲ್ಲಿ ಸಂಧಿ, ತಮಿಳಿನಲ್ಲಿ ವಾಯ್ಪ್ಪು. ಇದೊಂದು ಸಾಲನ್ನು ಪಕ್ಕಪಕ್ಕ ಇಟ್ಟುಕೊಂಡರೆ ಯಾವ ಭಾಷೆಗೆ ಯಾವ ಪದ ಎಂಬುದು ಕಣ್ಣಿಗೆ ಕಟ್ಟುತ್ತದೆ. ಅನುವಾದ ಕಲಿಸುವವರು ಮೊದಲ ಪಾಠವಾಗಿ ಇದನ್ನೇ ಕೊಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಬೇರೆ ಭಾಷೆಯ ಪಠ್ಯದಲ್ಲಿ ಅವಕಾಶ ಸಿಕ್ಕಾಗ ಮಾಡಬೇಕಾದದ್ದು ಇಷ್ಟು. ಮೊದಲು ಅದರ ಅಕ್ಕಪಕ್ಕ ನೋಡಿ. ದಿನ, ವಾರಗಳ ಲೆಕ್ಕ ಇದ್ದರೆ ರಜೆ ಅಥವಾ ಕಾಲಾವಕಾಶ. ಹಿಂದಿಯಾದರೆ ರಜೆ, ತಮಿಳಾದರೆ ಕಾಲಾವಕಾಶ. ಕಾಯ್ದೆ, ಆಯೋಗ, ಆಸ್ತಿ ಪಕ್ಕದಲ್ಲಿದ್ದು ಭಾಷೆ ಮಲಯಾಳಂ ಆಗಿದ್ದರೆ ಹಕ್ಕು. ಯಾನ, ಯಾತ್ರಿ ಸೇರಿದ್ದರೆ ಬಾಹ್ಯಾಕಾಶ. ಆಮೇಲೆ ರಜೆ, ಸಮಯ, ಹಕ್ಕು, ಸಾಧ್ಯತೆ, ಜಾಗ ಇವನ್ನು ಒಂದೊಂದಾಗಿ ಆ ವಾಕ್ಯದಲ್ಲಿ ಕೂರಿಸಿ ಓದಿ. ಕೊನೆಗೆ ಆಯ್ದುಕೊಂಡ ಕನ್ನಡ ವಾಕ್ಯವನ್ನು ಮೂಲ ಭಾಷೆ ಬಲ್ಲವರಿಗೆ ಬಾಯಲ್ಲಿ ವಿವರಿಸಿ, ಅವರು ಹೌದೆಂದರೆ ಮುಂದೆ ಹೋಗಿ. ಪೂರ್ತಿ ವಾಕ್ಯ ಕೊಟ್ಟರೆ ಅನುವಾದದ ಆ್ಯಪ್‌ಗಳೂ ಸಾಮಾನ್ಯವಾಗಿ ಸರಿದಾರಿ ಹಿಡಿಯುತ್ತವೆ. ಅವು ಮುಗ್ಗರಿಸುವುದು ನಮೂನೆಯ ಕಲಂ, ಕೋಷ್ಟಕದ ತಲೆಬರಹಗಳಂಥ ಒಂಟಿ ಪದಗಳಲ್ಲಿ. ಆದ್ದರಿಂದ ಅಂಥ ಕಡೆ ಕೈಯಿಂದಲೇ ನೋಡಬೇಕು.

ಕನ್ನಡದಿಂದ ಹೊರಗೆ ಹೋಗುವಾಗ ತಪ್ಪು ಇನ್ನೂ ಸುಲಭ, ಏಕೆಂದರೆ ಪದ ನಮ್ಮದೇ ಎಂಬ ಭರವಸೆ ಇರುತ್ತದೆ. ‘ಉದ್ಯೋಗಾವಕಾಶ’ ಎಂಬ ಪೋಸ್ಟರನ್ನು ದೇವನಾಗರಿಗೆ ಇಳಿಸಿದರೆ ಹಿಂದಿಯವರು ಓದುವುದು ‘ಕೈಗಾರಿಕೆಗೆ ರಜೆ’ ಎಂದು, ಅಲ್ಲಿ ಉದ್ಯೋಗ್ ಎಂದರೆ ಕೈಗಾರಿಕೆ. ಬರೆಯಬೇಕಾದದ್ದು ‘ರೋಜ್‌ಗಾರ್ ಕೇ ಅವಸರ್’. ಇಲ್ಲಿ ಓದುಗರಿಗೆ ಏನೋ ಎಡವಟ್ಟಾಗಿದೆ ಎಂದಾದರೂ ಗೊತ್ತಾಗುತ್ತದೆ. ಗೊತ್ತೇ ಆಗದ ತಪ್ಪು ಮಲಯಾಳಂನಲ್ಲಿ ಆಗುತ್ತದೆ. ‘ಸಮಾನ ಅವಕಾಶ’ ಎಂಬುದು ಅಲ್ಲಿ ‘ಸಮಾನ ಹಕ್ಕು’ ಆಗುತ್ತದೆ, ಎರಡೂ ಸರಿಯಾದ ವಾಕ್ಯಗಳೇ, ಯಾರಿಗೂ ಅನುಮಾನ ಬರುವುದಿಲ್ಲ. ‘ಮೇಲ್ಮನವಿಗೆ ಕಾನೂನಿನಲ್ಲಿ ಅವಕಾಶವಿದೆ’ ಎಂದು ನಾವು ಬರೆದರೆ ಹಾಗೆ ಮಾಡಬಹುದು ಎಂದಷ್ಟೇ ಅರ್ಥ. ಪದವನ್ನು ಹಾಗೇ ದಾಟಿಸಿದರೆ ಅದು ಕಕ್ಷಿದಾರರ ಹಕ್ಕು ಎಂದಾಗಿಬಿಡುತ್ತದೆ. ಅಲ್ಲಿ ಮಲಯಾಳಂನ ಪದ ‘ವ್ಯವಸ್ಥ’: ‘ನಿಯಮತ್ತಿಲ್ ವ್ಯವಸ್ಥಯುಂಡ್’ ಎಂದು ಬರೆಯಬೇಕು. ಮುಂದಿನ ಸಲ ಅದೇ ‘ವ್ಯವಸ್ಥ’ ಮಲಯಾಳಂ ಕರಾರುಪತ್ರದಲ್ಲಿ ಸಿಕ್ಕರೆ ‘ವ್ಯವಸ್ಥೆ’ ಎಂದು ಬರೆಯದೆ ‘ಷರತ್ತು’ ಎಂದು ಬರೆಯಿರಿ.