‘ಬರೇ’ ಫ್ಯಾಮಿಲಿ ಡಾಕ್ಟರಾ ಅಂತ ಇನ್ನೊಮ್ಮೆ ಕೇಳಬ್ಯಾಡ್ರಿ

ರಜಾಕ್ಕಂತ ಕಲಬುರಗಿಗಿ ಬಂದು ಹತ್ತು ದಿನ ಆಯ್ತು, ದಿನಾ ಅದೇ ಮಾತ ಕೇಳಿ ಕೇಳಿ ತಲಿ ಕೆಟ್ಟದ. ನಿನ್ನೆ ಮದ್ವಿ ಊಟದಾಗ ಕಾಕಾ ಒಬ್ರು ಎಲ್ಲಾರ ಮುಂದ, "ಅಮೇರಿಕಾದಾಗ ಏನ್ ಸ್ಪೆಷಲಿಸ್ಟೋ ತಮ್ಮಾ, ಹಾರ್ಟಾ, ಕಿಡ್ನಿನಾ?" ಅಂದ್ರು. ಫ್ಯಾಮಿಲಿ ಮೆಡಿಸಿನ್ ರೀ ಅಂದೆ. "ಅಂದ್ರ ಬರೇ ಎಂಬಿಬಿಎಸ್ಸಾ? ನೆಗಡಿ ಗುಳಗಿ ಕೊಡ್ಲಾಕ ಅಷ್ಟು ದೂರ ಹೋಗ್ಬೇಕಾ?" ಬಾಜೂಕ ಕುಂತೋರೆಲ್ಲಾ ನಕ್ರು.

ಏನ್ ಬರೇ ರೀ? ಜೇವರ್ಗಿ ಕಡಿ ಹಳ್ಳ್ಯಾಗ ಹುಟ್ಟಿ, ತೊಗರಿ ರಾಶಿ ಬಂತಂದ್ರ ಸಾಲಿ ಬಿಟ್ಟು ಹೊಲಕ್ಕ ಹೋಗಿ, ಕನ್ನಡ ಮೀಡಿಯಂದಾಗ ಓದಿ ಎಂಬಿಬಿಎಸ್ ಮುಗಿಸ್ದೆ, ಆಮ್ಯಾಲ ಅಮೇರಿಕಾದಾಗ ಡಾಕ್ಟರಕಿ ಮಾಡ್ಲಾಕ ಬೇಕಾದ ಯುಎಸ್‌ಎಂಎಲ್‌ಇ ಪರೀಕ್ಷಾ, ಅದಾದ ಮ್ಯಾಲ 3 ವರ್ಷ ರೆಸಿಡೆನ್ಸಿ, ಅಂದ್ರ ಆಸ್ಪತ್ರ್ಯಾಗ ದುಡ್ಕೋತ ಕಲಿಯೋದು, ಹೆರಿಗಿ, ಕೂಸುಗೋಳು, ಐಸಿಯು, ಮನಸಿನ ಕಾಯಿಲಿ ಎಲ್ಲಾ ಕಲ್ತು ಮತ್ತ ಸ್ಪೆಷಲಿಸ್ಟ್ ಅಂತ ಒಪ್ಪೋ ಬೋರ್ಡ್ ಪರೀಕ್ಷಾ. ಅಲ್ಲಿ ಇದು 1969ರಿಂದ ಸ್ಪೆಷಾಲಿಟೀನೇ ಅದ. ಜೆ-1 ಅಂದ್ರ ಕಲಿಲಾಕ ಬರೋರಿಗಿ ಕೊಡೋ ವೀಸಾ, ಅದರಾಗ ಕಲ್ತೋರು 2 ವರ್ಷ ತಮ್ಮ ದೇಶಕ್ಕ ಹೊಳ್ಳಿ ಹೋಗ್ಬೇಕು, ಇಲ್ಲಂದ್ರ ಡಾಕ್ಟರ್ ಸಿಗದಂಥ ಊರಾಗ 3 ವರ್ಷ ದುಡೀಬೇಕು, ಅದಕ್ಕೂ ಈ ಸವಲತ್ತು ಕೊಡೋ ಕಾನ್ರಾಡ್ ಸ್ಕೀಮಿನಾಗ ಒಂದು ರಾಜ್ಯಕ್ಕ ವರ್ಷಕ್ಕ 30 ಸೀಟಷ್ಟೇ. ನಾ ಐಯೋವಾದಾಗ ದುಡ್ದೆ, ನಾಕೂ ಕಡಿ ಗೋಂಜಾಳ, ಥಂಡಿ ಅಂದ್ರ ಹೇಳಬಾರದು, ಅಜ್ಜನ ಬಿಪಿ, ಮೊಮ್ಮಗನ ಲಸಿಕಿ, ಸೊಸಿ ಬಸಿರು, ಒಂದೇ ಮನ್ಯಾಗಿನವ್ರೆಲ್ಲಾ ನನ್ನ ಹತ್ರಾನೇ ಬರೋರು.

ಇದನ್ನ ಯಾಕ ಆರಿಸ್ಕೊಂಡೆ ಅಂತ ಒಬ್ರರೆ ಕೇಳ್ತಾರೇನು? ನಮ್ಮ ಆಯಿಗಿ ಸಕ್ಕರಿ ಕಾಯಿಲಿ ಇತ್ತು. ಕಾಲಾಗ ಸಣ್ಣ ಹುಣ್ಣ ಆಗಿತ್ತು, ಊರಾಗ ಔಷಧಿ ಕೊಡವ ಬಂದಾಗೊಮ್ಮೆ ಸೂಜಿ ಮಾಡಿ ಹೋಗ್ತಿದ್ದ, ಪಾದ ಬಿಚ್ಚಿ ನೋಡ್ಲೇ ಇಲ್ಲ. ಸೊಲ್ಲಾಪುರಕ್ಕ ಒಯ್ಯೋದ್ರಾಗ ಕಪ್ಪಗಾಗಿತ್ತು, ಮೊಣಕಾಲ ಕೆಳಗ ತೆಗದ್ರು. ಆಕಿಗಿ ಬೇಕಾಗಿದ್ದು ದೊಡ್ಡ ಸರ್ಜನ್ ಅಲ್ಲ, ತಿಂಗಳಿಗೊಮ್ಮೆ ಕಾಲ ಮುಟ್ಟಿ ನೋಡೋ ಒಬ್ಬ ಡಾಕ್ಟರ್.

ನಕ್ಕ ಅದೇ ಕಾಕಾ ಊಟಾದ ಮ್ಯಾಲ ಪಿಶವಿ ತುಂಬ ಗುಳಗಿ ತಂದು ನನ್ನ ಮುಂದ ಸುರದ್ರು. ಮೂರು ಮಂದಿ ಸ್ಪೆಷಲಿಸ್ಟ್, ಮೂರು ಚೀಟಿ, ಒಂದೇ ಬಿಪಿ ಔಷಧಿ ಎರಡು ಕಂಪನಿ ಹೆಸರಿಲೆ ಎರಡು ಸಲ ನುಂಗಲತ್ತಾರ! ಒಬ್ರ ಚೀಟಿ ಇನ್ನೊಬ್ರು ನೋಡಿಲ್ಲ. ಸಿಟ್ಟಿನಾಗೇ ಕಾಲ ತೋರಸ್ರಿ ಅಂದೆ. ಶುಗರ್ ಬಂದು 12 ವರ್ಷಂತ, ಇಲ್ಲೀತನಕ ಕಾಲ ತೋರಸು ಅಂತ ಯಾರೂ ಅಂದಿಲ್ಲಂತ. ಬೆಳ್ಳಿನ ಸಂದ್ಯಾಗ ಗಾಯ ಆಗಿ ರಸಿಗಿ ತುಂಬಿತ್ತು, ಅವರಿಗಿ ಗೊತ್ತೇ ಇರಲಿಲ್ಲ.