ಮೈಲಿಗಟ್ಟಲೆ ಅಡುಗೆಮನೆ

ಮಲೆನಾಡಿನ ಹಳೇ ಮನೆಯ ಅಡುಗೆಕೋಣೆಗೆ ಕಾಲಿಟ್ಟ ಪೇಟೆ ನೆಂಟರು ತಪ್ಪದೆ ಹೇಳುವ ಮಾತು, 'ಅಬ್ಬಾ, ಎಷ್ಟು ದೊಡ್ಡದು!' ಅಲ್ಲಿ ದಿನಾ ಬೇಯಿಸುವವರು ನಕ್ಕು ಸುಮ್ಮನಾಗುತ್ತಾರೆ. 20 ಅಡಿ ಉದ್ದ, 16 ಅಡಿ ಅಗಲ. ಪಂಕ್ತಿಗೆ ಇಪ್ಪತ್ತು ಎಲೆ ಬೀಳುತ್ತಿದ್ದ ಕಾಲದಲ್ಲಿ ಒಲೆಯ ಮುಂದೆ ಒಬ್ಬರು, ಒರಳಿಗೊಬ್ಬರು, ಮೆಟ್ಟುಗತ್ತಿಗೆ ಇಬ್ಬರು ಕೂತಿರುತ್ತಿದ್ದರು. ಸಾಮಾನು ಕೈಯಿಂದ ಕೈಗೆ ದಾಟುತ್ತಿತ್ತು, ಯಾರೂ ನಡೆಯಬೇಕಿರಲಿಲ್ಲ. ಈಗ ಮನೆಯಲ್ಲಿ ನಾಲ್ಕು ಜನ, ಅಡುಗೆಗೆ ಒಬ್ಬರು. ಆ ಕೂತವರ ಕೆಲಸವನ್ನೆಲ್ಲ ಈ ಒಬ್ಬರು ನಡೆದು ಮುಗಿಸಬೇಕು.

ವಾಸ್ತು ನೋಡಿ ಗ್ಯಾಸ್ ಆಗ್ನೇಯಕ್ಕೆ ಹೋಯಿತು, ನೀರು ಈಶಾನ್ಯಕ್ಕೆ. ಉಳಿದ ವಾಯವ್ಯ ಮೂಲೆಗೆ ಫ್ರಿಜ್ ಬಂತು. ಫ್ರಿಜ್‌ನಿಂದ ಹಾಲು ತಂದು, ಪಾತ್ರೆ ತೊಳೆದು, ಒಲೆ ಮೇಲಿಟ್ಟು, ಉಳಿದ ಹಾಲನ್ನು ಮತ್ತೆ ಫ್ರಿಜ್ಜಿಗೆ ಸೇರಿಸುವಷ್ಟರಲ್ಲಿ 60 ಅಡಿ ಆಯಿತು. ಒಂದು ಲೋಟ ಕಾಫಿಗೆ ಒಂದು ಪ್ರದಕ್ಷಿಣೆ! ಒಲೆ, ಸಿಂಕ್, ಫ್ರಿಜ್ ಈ ಮೂರರ ನಡುವಿನ ದೂರ ಒಟ್ಟು 13 ಅಡಿಗಿಂತ ಕಡಿಮೆ ಇರಬಾರದು, 26 ಅಡಿ ದಾಟಬಾರದು ಎಂಬುದು ಅಡುಗೆಮನೆ ವಿನ್ಯಾಸ ಮಾಡುವವರ ಹಳೆಯ ಸೂತ್ರ.

ಹಾಗಂತ ಗೋಡೆ ಎಬ್ಬಿಸಿ ಕೋಣೆಯನ್ನು ಚಿಕ್ಕದು ಮಾಡಲು ಹೊರಡಬೇಡಿ. ಜರ್ಮನಿಯ ಫ್ರಾಂಕ್‌ಫರ್ಟಿನ ಹೊಸ ಬಡಾವಣೆಗಳಿಗೆಂದು 1926ರಲ್ಲಿ ವಾಸ್ತುಶಿಲ್ಪಿ ಮಾರ್ಗರೆಟೆ ಶುಟ್ಟೆ-ಲಿಹೊಟ್ಸ್ಕಿ ಸುಮಾರು 6 ಅಡಿ ಅಗಲ, 11 ಅಡಿ ಉದ್ದದ ಅಡುಗೆಮನೆ ರೂಪಿಸಿದರು. ಅಲ್ಲಿ ಹೆಜ್ಜೆ ಉಳಿಯಿತು, ನಿಜ. ಆದರೆ ಇನ್ನೊಬ್ಬರು ಬಂದು ಕೈಜೋಡಿಸಲು ಜಾಗವಿಲ್ಲ, ಅಡುಗೆಯವಳು ಒಂಟಿಯಾದಳು ಎಂಬ ದೂರೂ ಬಂತು. ನಮ್ಮ ಹಳೇ ಕೋಣೆಯಲ್ಲಿ ಜಾಗಕ್ಕೆ ಬರವಿಲ್ಲ. ಒಂದು ಮೂಲೆಯಲ್ಲಿ ಬಿಗಿಯಾದ ಪುಟ್ಟ ಅಡುಗೆಮನೆ ಕಟ್ಟಿ, ಮಿಕ್ಕಿದ್ದನ್ನು ಮನೆಮಂದಿಗೆ ಬಿಟ್ಟರಾಯಿತು.

ಯಾವ ಮೂಲೆ? ನೀರಿರುವ ಈಶಾನ್ಯ ಮೂಲೆ. ಪತ್ರಿಕೆಗಳ ಚಿತ್ರ ನೋಡಿ ಸಿಂಕನ್ನು ಕೋಣೆಯ ನಡುವಿಗೆ ತರುವ ಆಸೆ ಹಲವರಿಗೆ. ಕೊಳಾಯಿ ನೀರನ್ನು ಎಲ್ಲಿಗೆ ಬೇಕಾದರೂ ಎಳೆಯಬಹುದು. ಕಷ್ಟ ಇರುವುದು ಕೊಳೆನೀರಿನದು. ಅದರ ಪೈಪಿಗೆ ಪ್ರತಿ ಅಡಿಗೆ ಕಾಲು ಇಂಚಿನಂತೆ ಇಳಿಜಾರು ಬೇಕು. 12 ಅಡಿ ಒಳಗೆ ತಂದರೆ 3 ಇಂಚು ಇಳಿಸಬೇಕು, ಅಂದರೆ ನೆಲ ಅಗೆಯಬೇಕು. ಇಳಿಜಾರು ಸಾಲದಿದ್ದರೆ ಅನ್ನದ ಗಂಜಿ, ಕಾಯಿತುರಿ, ಎಣ್ಣೆಜಿಡ್ಡು ಸೇರಿ ಪೈಪು ಕಟ್ಟಿಕೊಳ್ಳುತ್ತದೆ, ಅದೂ ಹಬ್ಬದ ದಿನವೇ. ಆದ್ದರಿಂದ ಸಿಂಕ್ ಹೊರಗೋಡೆಗೇ ಇರಲಿ. ಅದೇ ಪೂರ್ವದ ಗೋಡೆಗುಂಟ ದಕ್ಷಿಣಕ್ಕೆ 5 ಅಡಿ ಬಿಟ್ಟು ಒಲೆ, ಉತ್ತರದ ಗೋಡೆಯಲ್ಲಿ 4 ಅಡಿ ಆಚೆಗೆ ಫ್ರಿಜ್. ಸುತ್ತು 16 ಅಡಿಯೊಳಗೆ ಮುಗಿಯುತ್ತದೆ. ಅಡುಗೆ ಮಾಡುವವರ ಮುಖ ಪೂರ್ವಕ್ಕೇ ಇರುವುದರಿಂದ ಅಜ್ಜಿಯ ತಕರಾರೂ ಅರ್ಧ ಕಡಿಮೆ. ಸಿಲಿಂಡರನ್ನು ಮಾತ್ರ ಕಪಾಟಿನಲ್ಲಿ ಬಂದ್ ಮಾಡಬೇಡಿ. ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ಕೆಳಗೇ ಕೂರುತ್ತದೆ. ಕಿಂಡಿ ನೆಲದ ಹತ್ತಿರ ಇರಬೇಕು. ರಬ್ಬರ್ ಕೊಳವೆ ಒಂದೂವರೆ ಮೀಟರ್ ಮೀರಬಾರದು, ಐದು ವರ್ಷಕ್ಕೊಮ್ಮೆ ಬದಲಾಗಬೇಕು.

ಕಟ್ಟೆಯ ಎತ್ತರವನ್ನು ಮೇಸ್ತ್ರಿ ಕೇಳದೆಯೇ ನಿರ್ಧರಿಸಿಬಿಡುತ್ತಾರೆ. ಅಲ್ಲೇ ತಡೆಯಬೇಕು. ಹೆಚ್ಚು ಹೊತ್ತು ನಿಲ್ಲುವವರು ಮೊಣಕೈ ಮಡಚಿ ನಿಂತಾಗ ನೆಲದಿಂದ ಮೊಣಕೈಗೆ ಎಷ್ಟಿದೆಯೋ ಅದರಲ್ಲಿ 5 ಇಂಚು ಕಳೆಯಿರಿ. ಹೆಚ್ಚಿನವರಿಗೆ ಅದು 33-34 ಇಂಚಿಗೆ ಬರುತ್ತದೆ. ಒಲೆಯ ಜಾಗ ಮಾತ್ರ ಇದಕ್ಕಿಂತ 4 ಇಂಚು ತಗ್ಗಿರಲಿ. ಒಲೆಯ ಎತ್ತರ, ಅದರ ಮೇಲೆ ಪಾತ್ರೆಯ ಎತ್ತರ ಸೇರಿದರೆ ಹುಳಿ ತಿರುವುವಾಗ ಭುಜ ಮೇಲೇಳುತ್ತದೆ. ಗ್ರೈಂಡರ್ ಕಟ್ಟೆಯ ಮೇಲೆ ಬೇಡವೇ ಬೇಡ. ಅದರ ಬಾಯಿ ಎದೆಮಟ್ಟಕ್ಕೆ ಬಂದರೆ ಉದ್ದಿನ ಹಿಟ್ಟು ಬಳಿಯುವುದು ಹೇಗೆ, ಗುಂಡು ಎತ್ತುವುದು ಹೇಗೆ? ಅದಕ್ಕೆ ಒಂದೂವರೆ ಅಡಿಯ ಬೇರೆ ಕಟ್ಟೆ, ಪಕ್ಕದಲ್ಲಿ ಮಣೆ.

ಗೋಡೆಯಿಂದ ಕೋಣೆಯ ಒಳಕ್ಕೆ ಚಾಚುವ ಇನ್ನೊಂದು ಕಟ್ಟೆ ಹಾಕಿದರೆ ಅಡುಗೆಯ ಭಾಗವೂ ಮನೆಮಂದಿಯ ಭಾಗವೂ ತಾವಾಗಿಯೇ ಬೇರಾಗುತ್ತವೆ. ನಡುವೆ ಓಡಾಡಲು ಒಬ್ಬರಿಗೆ ಮೂರೂವರೆ ಅಡಿ, ಇಬ್ಬರಿಗೆ 4 ಅಡಿ ಬಿಡಿ. ಆಚೆ ಬದಿಗೆ ಗ್ರಾನೈಟನ್ನು ಒಂದಡಿ ಹೊರಚಾಚಿಸಿ, ಅಡಿಗೆ ಕಬ್ಬಿಣದ ಬ್ರಾಕೆಟ್ ಕೊಟ್ಟು ಎರಡು ಸ್ಟೂಲ್ ಹಾಕಿದರೆ ಒಬ್ಬರು ಹೋಂವರ್ಕ್ ಬರೆಯುತ್ತ, ಇನ್ನೊಬ್ಬರು ಅವರೆಕಾಳು ಸುಲಿಯುತ್ತ ಕೂರುತ್ತಾರೆ. ಬ್ರಾಕೆಟ್‌ನ ಖರ್ಚು ಉಳಿಸಲು ಹೋದರೆ, ಎಂದೋ ಒಂದು ದಿನ ಯಾರೋ ಹತ್ತಿ ಕೂತಾಗ ಕಲ್ಲು ಲಟಕ್ಕೆನ್ನುತ್ತದೆ. ಈ ಕಟ್ಟೆಗೆ ಒಲೆ ತರಬೇಡಿ. ಒಗ್ಗರಣೆಯ ಸಾಸಿವೆ ಸಿಡಿಯುವುದು ನೇರ ಮಗುವಿನ ಪುಸ್ತಕಕ್ಕೆ.

ಕಪಾಟಿಗೆ ಪಾರ್ಟಿಕಲ್ ಬೋರ್ಡ್ ಹಾಕಿಸಿದರೆ ಆಗುಂಬೆ ಕಡೆಯ ಒಂದೆರಡು ಮಳೆಗಾಲದಲ್ಲಿ ಉಬ್ಬಿ ಬಾಗಿಲು ಮುಚ್ಚದಾಗುತ್ತದೆ. ನಡುಗೋಡೆಗಳಿಗೆ ಕಡಪಾ ಕಲ್ಲು, ಬಾಗಿಲಿಗೆ ಮಾತ್ರ ನೀರು ತಡೆಯುವ, ಐಎಸ್ 710 ಮುದ್ರೆಯ ಪ್ಲೈವುಡ್ ಹಾಕಿಸಿದರೆ ಗೆದ್ದಲಿಗೂ ಬೇಸರ. ಬೆಳಕಿಗೆ ಹೆಂಚಿನ ನಡುವೆ ಎರಡು ಗಾಜಿನ ಹೆಂಚು ಸಾಕು. ರಾತ್ರಿಗೆ ನಡುಮಾಡಿನ ಬಲ್ಬ್ ಒಂದನ್ನೇ ನಂಬಿದರೆ ಹೆಚ್ಚುವವರ ನೆರಳು ಅವರ ಕತ್ತಿಯ ಮೇಲೇ ಬೀಳುತ್ತದೆ. ಕಟ್ಟೆಯ ಮೇಲಿನ ಶೆಲ್ಫಿನ ಅಡಿಗೆ ಒಂದು ಎಲ್‌ಇಡಿ ಪಟ್ಟಿ ಬೇಕು.

ಇಷ್ಟು ಮಾಡುವಾಗ ಮೇಸ್ತ್ರಿಯ ಕಣ್ಣು ಮೂಲೆಯಲ್ಲಿ ಪಾತ್ರೆ ತೊಳೆಯುವ ಹಳೇ ಬಚ್ಚಲಿನ ಮೇಲೆ ಬೀಳುತ್ತದೆ. 'ಒಡೆದು ಟೈಲ್ಸ್ ಹಾಕ್ಬಿಡಾಣ' ಎನ್ನುತ್ತಾರೆ. ಬಿಡಬೇಡಿ. ಪೇಟೆಯ ಸಿಂಕಿಗೆ ಕೊಳದಪ್ಪಲೆ ಇಳಿಯುವುದಿಲ್ಲ, ಗ್ರೈಂಡರಿನ ಗುಂಡು ತೊಳೆಯಲಾಗುವುದಿಲ್ಲ. ಜೂನ್ ಹೊತ್ತಿಗೆ ಹಲಸಿನ ಹಣ್ಣು ಬಿಡಿಸಲು ಕೂತಾಗ, ಮೇಣ ಮೆತ್ತಿದ ಕತ್ತಿ, ಕೈ, ಮಣೆ ಎಲ್ಲಕ್ಕೂ ಕೊಬ್ಬರಿ ಎಣ್ಣೆ ಹಚ್ಚಿ ತಿಕ್ಕಲು ಆ 4 ಅಡಿ ಕಲ್ಲುಹಾಸೇ ಬೇಕು. ಬೇಕಿದ್ದರೆ ಅದರ ಮೋರಿಗೆ ಹೊಸ ಜಾಲರಿಯೊಂದನ್ನು ಹಾಕಿಸಿ, ಹೆಗ್ಗಣ ಬಾರದಂತೆ.